ಇಟಲಿ ಗಾಡಿಯ ಟಾಪು ಹೊಲಿದವರು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಆ ಹೊತ್ತಿನಲ್ಲಿ ನನ್ನ ಕಣ್ಣು ಕೈಗಡಿಯಾರದ ಮೇಲೇ ಇತ್ತು, ಹಾಗಾಗಿ ಇಷ್ಟು ಖಚಿತವಾಗಿ ಹೇಳಬಲ್ಲೆ. ನಮ್ಮ ಮನೆಯ ಹಳೆಯ ಇಟಲಿ ಕಾರಿನ ವೇಗ ತೋರಿಸುವ ಮುಳ್ಳನ್ನು ನಂಬುವಂತಿರಲಿಲ್ಲ. ಕಾರು ಕೊಳ್ಳಲು ಪುಣೆಯಿಂದ ಬಂದಿದ್ದವರು ಅದನ್ನು ಕೊಟ್ಟೂರಿನಿಂದ ಕೂಡ್ಲಿಗಿ ರಸ್ತೆಯಲ್ಲಿ ಓಡಿಸುತ್ತ, ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಹಿಡಿಯುತ್ತದೆ ನೋಡು ಎಂದು ಪಕ್ಕದಲ್ಲಿದ್ದ ನನಗೆ ಹೇಳಿದ್ದರು. ನಾನು ಎಣಿಸುತ್ತಿದ್ದೆ. ನಮ್ಮಿಬ್ಬರ ಸೀಟುಗಳ ಹಿಂದಿನ ಇಕ್ಕಟ್ಟಿನಲ್ಲಿ, ಮೊಣಕಾಲನ್ನು ಎದೆಗೆ ಮಡಚಿಕೊಂಡು ಕುಳಿತಿದ್ದ, ಆ ಕಾರಿನ ಟಾಪು ಹೊಲಿದ ಅಜ್ಜ ಆಗ ಹೇಳಿದರು:

"ಹುರಳಿ ಹುರ್ದಂಗ ವಾಸ್ನಿ ಬರ್ತೈತಲ್ಲವ್ವ."

ನನಗೂ ಬಂತು. ಬಾಣಲೆಯಲ್ಲಿ ಹುರುಳಿ ಸಿಡಿಯುವಾಗಿನ ಹಿತವಾದ ವಾಸನೆ. ಯಾವುದೋ ಹೊಲದ ಗುಡಿಸಲಲ್ಲಿ ಅಡುಗೆ ನಡೆದಿದೆ ಎಂದುಕೊಂಡೆ. ನಕ್ಕೆ ಕೂಡ. ಆಮೇಲೆ ಎಷ್ಟೋ ಸಲ ಆ ಕ್ಷಣಕ್ಕೆ ಹಿಂತಿರುಗಿದ್ದೇನೆ. ಪ್ರತಿ ಸಲವೂ ಮೊದಲು ಆ ನಗುವನ್ನೇ ದಾಟಿ ಹೋಗಬೇಕಾಗುತ್ತದೆ.

ಆ ಅಜ್ಜ ತೀರಿಕೊಂಡದ್ದು ನನಗೆ ತಿಳಿದದ್ದು ಹೋದ ವಾರ, ಹಡಗಲಿಯ ಬಸ್ಸಿನಲ್ಲಿ. ಈಗ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಪಾಠ ಹೇಳುತ್ತೇನೆ. ಪರೀಕ್ಷೆಯ ಕೆಲಸಕ್ಕೆ ಹೊರಟಿದ್ದೆ. ಮುಂದಿನ ಸೀಟಿನ ಅಂಚಿನಲ್ಲಿ ಒಂದು ಹೊಲಿಗೆ ಕಂಡಿತು. ಎರಡು ಸಾಲು, ಎರಡರ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ, ಮೂಲೆಗೆ ಬಂದಾಗ ಒಂದು ಸಣ್ಣ ಅರ್ಧಚಂದ್ರ. ಬೆರಳಿನಿಂದ ಮುಟ್ಟಿ ನೋಡಿದೆ. ಕಂಡಕ್ಟರು ನೋಡಿ, "ಅಜ್ಜನ ಕೈದು ಗುರ್ತು ಹಿಡದ್ರೇನ್ರಿ ಮೇಡಂ?" ಎಂದ. "ಅಜ್ಜ ಹೋಗಿ ನಾಕು ತಿಂಗ್ಳಾತು. ಸೀಟು ನೋಡ್ರಿ, ಹಂಗ ಅದಾವ."

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿಯೂ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಸೀಟಿನ ಅಜ್ಜ ಎಂದರೆ ಸಾಕಿತ್ತು. ಇಟ್ಟಿಗಿಯಿಂದ ಹೆಂಡತಿ ಮಕ್ಕಳೊಂದಿಗೆ ಕೊಟ್ಟೂರಿಗೆ ಬಂದು, ಬಸ್ ನಿಲ್ದಾಣದಾಚೆ ಹರಪನಹಳ್ಳಿಯ ದಾರಿಯಲ್ಲಿ, ಒಂದು ಬೇವಿನ ಮರದ ಕೆಳಗೆ ತಗಡಿನ ಚಪ್ಪರ ಹಾಕಿಕೊಂಡಿದ್ದರು. ಅವರ ಅಪ್ಪ ಕಪಿಲೆ ಬಾವಿಗಳಿಗೆ ನೀರೆತ್ತುವ ತೊಗಲಿನ ಬಾನಿ ಹೊಲಿಯುತ್ತಿದ್ದವರು. ಬಾವಿಗಳಿಗೆ ಪಂಪು ಬಂದ ಮೇಲೆ ಬಾನಿಯನ್ನು ಕೇಳುವವರಿಲ್ಲದೆ, ಮಗ ಟ್ರ್ಯಾಕ್ಟರಿನ ಸೀಟಿಗೆ, ಬಸ್ಸಿನ ಸೀಟಿಗೆ, ಜೀಪಿನ ಟಾಪಿಗೆ ಕೈ ಹಾಕಿದರು. ತೊಗಲು ಹೋಗಿ ರೆಕ್ಸಿನ್ ಬಂದರೂ ಅಪ್ಪನ ರಂಪಿಗೆ ಮಾತ್ರ ಅವರ ಸೊಂಟದಲ್ಲೇ ಉಳಿಯಿತು. ರಂಪಿಗೆ ಎಂದರೆ ತೊಗಲು ಕೊಯ್ಯುವ ಅಗಲ ಬಾಯಿಯ ಕತ್ತಿ. ಅದನ್ನು ಒಂದು ಚೂರು ಬಟ್ಟೆಯಲ್ಲಿ ಸುತ್ತಿ ಸಿಕ್ಕಿಸಿಕೊಂಡಿರುತ್ತಿದ್ದರು. ರೆಕ್ಸಿನ್‌ಗೆ ಅದನ್ನು ಮುಟ್ಟಿಸುತ್ತಿರಲಿಲ್ಲ. "ಇದು ತೊಗಲು ತಿಂದು ಬೆಳದದ್ದು. ಪ್ಲಾಸ್ಟಿಕ್ ತಿನ್ಸಿ ಕೆಡಸಬಾರ್ದು," ಎನ್ನುತ್ತಿದ್ದರು.

ಅಳತೆಗೆ ಅವರು ಟೇಪು ಹಿಡಿಯುತ್ತಿರಲಿಲ್ಲ. ಗೇಣು, ಬೆರಳು, ಮೊಳ. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವರ ಮಾತೆಲ್ಲ ಬಾಯಿಯ ಒಂದು ಬದಿಯಿಂದ ಬರುತ್ತಿತ್ತು. ಉಳಿದ ರೆಕ್ಸಿನ್ ಚೂರುಗಳಿಂದ ಬಸ್ ನಿಲ್ದಾಣದ ಕಲ್ಲುಬೆಂಚಿಗೆ ಒಂದು ಮೆತ್ತೆ ಹೊಲಿದು ಹಾಕುತ್ತಿದ್ದರು, ಸಂತೆಗೆ ಬಂದ ಮುದುಕಿಯರು ಕೂರಲೆಂದು. ಯಾರೋ ಅದನ್ನು ಎತ್ತಿಕೊಂಡು ಹೋಗುತ್ತಿದ್ದರು. ಇವರು ಇನ್ನೊಂದನ್ನು ಹೊಲಿಯುತ್ತಿದ್ದರು. "ಒಯ್ದಾವ ಎಲ್ಲೆರ ಕುಂತಿರ್ತಾನಲ್ಲ," ಎಂದು ಅದಕ್ಕೆ ಸಮಾಧಾನ.

ಅವರ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಯಾವ ಸೀಟನ್ನು ಹೊಲಿದು ಮುಗಿಸಿದರೂ ಅದರಲ್ಲಿ ತಾವೇ ಕುಳಿತು ಕಣ್ಣು ಮುಚ್ಚುತ್ತಿದ್ದರು. ನಿದ್ದೆ ಬಂದರೆ ಸೀಟು ಸರಿಯಾಯಿತು. ಬರದಿದ್ದರೆ ಹೊಲಿಗೆ ಬಿಚ್ಚಿ ನಾರನ್ನೋ ಸ್ಪ್ರಿಂಗನ್ನೋ ಮತ್ತೆ ಹೊಂದಿಸುವುದು. ಗಿರಾಕಿ ಎಷ್ಟೇ ಅವಸರದಲ್ಲಿದ್ದರೂ ಅವರ ನಿದ್ದೆ ಮುಗಿಯುವ ತನಕ ಬೇವಿನ ಬುಡದಲ್ಲಿ ಕಾಯಬೇಕು. ಹರಪನಹಳ್ಳಿ ಬಸ್ಸಿನ ಡ್ರೈವರನೊಬ್ಬ ಇದಕ್ಕೆ ಅವರನ್ನು ರೇಗಿಸುತ್ತಿದ್ದ.

"ಯಜ್ಜಾ, ನನ್ನ ಸೀಟಿನ್ಯಾಗ ನಿದ್ದಿ ಬರಂಗ ಮಾಡಬ್ಯಾಡೋ ಮಾರಾಯ. ಐವತ್ತು ಮಂದೀನ ಕೆರಿಗೆ ಇಳಿಸ್ತೀನಿ."

"ನಿನ್ನ ಸೀಟಿಗೆ ಎರಡು ಮುಳ್ಳು ಇಟ್ಟೀನಿ ತಗೋ," ಎಂದು ಅಜ್ಜ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. "ನಾ ಎದ್ದ ಮ್ಯಾಲ ಅದಾವಿಲ್ಲ ನೋಡ್ಕೋ."

ನಮ್ಮ ಮನೆಗೆ ಅವರು ಬಂದದ್ದು ಆ ಕಾರಿನಿಂದಾಗಿ. ನನ್ನ ತಾತ ಹತ್ತಿ ವ್ಯಾಪಾರಿ. ಬೊಂಬಾಯಿಯಲ್ಲಿ ದೇಶ ಬಿಟ್ಟು ಹೊರಟಿದ್ದ ಒಬ್ಬ ವಿದೇಶಿಯಿಂದ ಆ ಕಾರನ್ನು ಕೊಂಡು ತಂದಿದ್ದರು. ಎರಡೇ ಸೀಟು, ಸ್ಟೇರಿಂಗು ಎಡಗಡೆ, ಕೆನೆಯ ಬಣ್ಣ, ಒಳಗೆಲ್ಲ ಕೆಂಪು ತೊಗಲು. ತಲೆಯ ಮೇಲೆ ತಗಡಿನ ಬದಲು ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಟಾಪು. ಟಾಪು ಇಳಿಸಿದಾಗ ಊರ ಹುಡುಗರು ಅದನ್ನು ಬೋಳುಗಾಡಿ ಎನ್ನುತ್ತಿದ್ದರು. ಅಂಥ ಕಾರುಗಳು ದೇಶದಲ್ಲೇ ಬೆರಳೆಣಿಕೆಯಷ್ಟು ಎಂದು ಆಮೇಲೆ ತಿಳಿಯಿತು. ಅದರ ಇಂಜಿನ್ ಮಾತ್ರ ನಮ್ಮ ಕಡೆಯ ಟ್ಯಾಕ್ಸಿಗಳದ್ದೇ ವಂಶ. ಹಗರಿಬೊಮ್ಮನಹಳ್ಳಿಯ ಯಾವ ಮೆಕ್ಯಾನಿಕ್ ಆದರೂ ಬಿಚ್ಚಿ ಕೂಡಿಸುತ್ತಿದ್ದ. ಸೀಟು ಮತ್ತು ಟಾಪು ಮಾತ್ರ ಎಲ್ಲಿಯೂ ಸಿಗುತ್ತಿರಲಿಲ್ಲ. ಹೀಗಾಗಿ ಆ ಇಟಲಿ ಗಾಡಿಗೆ ಜಗತ್ತಿನಲ್ಲಿ ಇದ್ದ ಒಬ್ಬನೇ ವೈದ್ಯ ಬೇವಿನ ಮರದ ಕೆಳಗಿನ ಈ ಅಜ್ಜ.

ನಾನು ಹೈಸ್ಕೂಲಿನಲ್ಲಿದ್ದಾಗ ಗೋದಾಮಿನ ಇಲಿಗಳು ಹಳೆಯ ಟಾಪನ್ನು ತಿಂದು ಹಾಕಿದವು. ಅಜ್ಜ ಅದನ್ನು ನಮ್ಮ ಅಂಗಳದಲ್ಲಿ ಹರಡಿ, ಒಂದೊಂದೇ ಹೊಲಿಗೆ ಬಿಚ್ಚಿ, ತುಂಡುಗಳನ್ನು ಕಲ್ಲಿಟ್ಟು ಸಾಲಾಗಿ ಮಲಗಿಸಿದರು. ದಾವಣಗೆರೆಯಿಂದ ದಪ್ಪ ಕ್ಯಾನ್ವಾಸು ತಂದು ಮೂರು ಸಲ ನೀರಲ್ಲಿ ನೆನೆಸಿ ಮೂರು ಸಲ ಒಣಗಿಸಿದರು. "ಅಳೂದೆಲ್ಲ ಈಗ ಅತ್ತುಬಿಡ್ಲಿ. ಮಳಿಯಾಗ ನಿಂತಾಗ ಮತ್ತ ಕುಗ್ಗಬಾರ್ದು," ಎಂದರು. ಒಂದಿಡೀ ಬೇಸಿಗೆ ಹೊಲಿದರು. ಅವರಿಗೆ ಚಹ ಒಯ್ದು ಕೊಡುವ ಕೆಲಸ ನನ್ನದು. ಅವರ ಲೋಟ ನಮ್ಮ ದನದ ಕೊಟ್ಟಿಗೆಯ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ಅವರೇ ತೆಗೆದುಕೊಂಡು, ಕುಡಿದು, ತೊಳೆದು ಅಲ್ಲೇ ಇಡುತ್ತಿದ್ದರು. ನಾನು ಅದನ್ನು ಆಗ ನೋಡಿದ್ದೆ ಅಷ್ಟೆ, ಯೋಚಿಸಿರಲಿಲ್ಲ.

ಆ ಬೇಸಿಗೆಯಲ್ಲಿ ಸೀಟುಗಳಿಗೂ ಹೊಸ ತೊಗಲು ಹಾಕಿದರು. ಮುಗಿದ ದಿನ ಅವರು ಕುಳಿತು ನಿದ್ದೆ ಮಾಡುವುದನ್ನು ನೋಡಬೇಕೆಂದು ನಾನು ಕಾದೆ. ಅವರು ಹೊರಗೆ ನಿಂತೇ ಅಂಗೈಯಿಂದ ಎರಡು ಕಡೆ ಒತ್ತಿ ನೋಡಿ ಹಿಂದೆ ಸರಿದರು.

"ಕುಂದ್ರಲಿಲ್ಲಲ್ಲಜ್ಜ?"

"ನಿಮ್ಮ ಗಾಡಿಗೆ ಕೈ ಸಾಕವ್ವ," ಎಂದರು.

ಅವರು ಆ ಕಾರಿನಲ್ಲಿ ಕುಳಿತು ಹೋದದ್ದು ಒಂದೇ ಸಲ. ಆ ಸಲವೇ ಹೀಗಾಯಿತು.

ತಾತ ಹೋದ ಮೇಲೆ ಕಾರು ಗೋದಾಮಿನಲ್ಲಿ ನಿಂತೇ ಇತ್ತು. ನಾನು ಬಿ.ಎ. ಮುಗಿಸಿದ ವರ್ಷ ಅಪ್ಪ ಅದನ್ನು ಮಾರಲು ನಿರ್ಧರಿಸಿದರು. ಇಂಗ್ಲಿಷ್ ಪತ್ರಿಕೆಗೆ ಜಾಹೀರಾತು ಬರೆದದ್ದು ನಾನು. ಟಾಪಿನ ಬಗ್ಗೆ ಏನು ಬರೆಯಲಿ ಎಂದು ಅಜ್ಜನನ್ನು ಕೇಳಿದ್ದಕ್ಕೆ, ಸೂಜಿಯನ್ನು ಬಾಯಿಂದ ತೆಗೆದು, ಬಹಳ ಹೊತ್ತು ಯೋಚಿಸಿ, "ಸೋರಂಗಿಲ್ಲ ಅಂತ ಬರಿ," ಎಂದರು. ಹಾಗೇ ಬರೆದೆ.

ಪುಣೆಯವರು ಬಂದರು. ಹಳೆಯ ಕಾರುಗಳನ್ನು ಕೂಡಿಡುವ ಹವ್ಯಾಸದವರು, ಮೆಲುದನಿಯ ಮನುಷ್ಯ. ಟಾಪನ್ನು ಎತ್ತಿ ಕಟ್ಟಿ ಓಡಿಸಿದರೆ ಗಾಳಿಗೆ ಪಟಪಟ ಎನ್ನುತ್ತದೆಯೋ ಎಂಬುದು ಅವರ ಮುಖ್ಯ ಅನುಮಾನ. ಅದನ್ನು ನೋಡಲು ಅಜ್ಜನೂ ಜೊತೆಗಿರಲಿ ಎಂದು ಅಪ್ಪ ಹೇಳಿದರು. ಅಜ್ಜ ಕಾಲನ್ನು ಪಂಚೆಯ ಅಂಚಿನಿಂದ ಒರೆಸಿಕೊಂಡು ಹಿಂದಿನ ಇಕ್ಕಟ್ಟಿಗೆ ಹತ್ತಿದರು. ಇಂಗ್ಲಿಷ್ ಬಲ್ಲವಳೆಂದು ನಾನು ಮುಂದೆ, ಬಲಗಡೆ. ಆ ಕಡೆಯ ಬಾಗಿಲಿನ ಒಳಹಿಡಿ ಮುರಿದು ಎಷ್ಟೋ ವರ್ಷವಾಗಿತ್ತು. ಹೊರಗಿನಿಂದ ಯಾರಾದರೂ ತೆಗೆಯಬೇಕು. ಹೊರಡುವಾಗ ಅಪ್ಪ ಒಂದೇ ಮಾತು ಹೇಳಿದರು:

"ರಸ್ತಿ ಮ್ಯಾಲ ಹುರಳಿ ಹಾಕಿರ್ತಾರ. ಬಾಜು ಇಳಿಸಿ ಹೋಗ್ರಿ. ಇದರ ಹೊಟ್ಟಿ ಕೆಳಗೈತಿ."

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹುರುಳಿ ಕಿತ್ತ ಮೇಲೆ ಒಣಗಿದ ಬಳ್ಳಿಗಳನ್ನು ಡಾಂಬರು ರಸ್ತೆಯ ಮೇಲೇ ಹರಡುತ್ತಾರೆ. ಬಸ್ಸು ಲಾರಿಗಳು ಓಡಾಡಿದಂತೆ ಕಾಯಿ ಒಡೆದು ಕಾಳು ಉದುರುತ್ತದೆ. ಹಾಗೆ ಹರಡಿದ್ದನ್ನು ಬಿಟ್ಟು ಬದಿಯಿಂದ ಹೋದರೆ ಹರಡಿದವರಿಗೆ ಬೇಸರ, ಮೇಲೆ ಹೋದರೆ ಖುಷಿ. ನಾವು ಹತ್ತನೆಯ ಕಿಲೋಮೀಟರಿನ ಹತ್ತಿರ ಹೋದಾಗ ಒಬ್ಬ ಮುದುಕಿ ರಸ್ತೆಯ ಎಡ ಅರ್ಧಕ್ಕೆ ಹುರುಳಿ ಹರಡಿ, ಕೋಲು ಹಿಡಿದು ನಿಂತಿದ್ದಳು. ಬಲಗಡೆ ಧಾರಾಳ ದಾರಿ ಇತ್ತು. ಪುಣೆಯವರು ವೇಗ ಇಳಿಸಿ, ಇದೇನು ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಲು ಶುರು ಮಾಡಿದೆ. ನಮ್ಮಲ್ಲಿ ರಸ್ತೆಯೇ ಕಣ, ಹೋಗಿಬರುವ ಗಾಡಿಗಳೇ ಎತ್ತುಗಳು, ಹೀಗೆ. ಅವರಿಗೆ ಬಹಳ ಇಷ್ಟವಾಯಿತು. ನನಗೂ ನನ್ನ ಮಾತು ಇಷ್ಟವಾಯಿತು. ಮುದುಕಿ ಕೋಲೆತ್ತಿ, "ಮ್ಯಾಲ ಬರ್ರೀ ಯಪ್ಪಾ, ಪುಣ್ಯಾ ಬರ್ಲಿ," ಎಂದಳು.

"ಮೇಲೆಯೇ ಹೋಗಿ," ಎಂದೆ ನಾನು.

ಹಿಂದಿನಿಂದ ಅಜ್ಜ ಮೆಲ್ಲಗೆ, "ಬ್ಯಾಡವ್ವ. ಹೊಟ್ಟಿ ಕೆಳಗೈತಿ ಗಾಡೀದು," ಎಂದರು. ಬಸ್ಸುಗಳೇ ಹೋಗುವಾಗ ನಮಗೇನಾಗುತ್ತದೆ ಎಂದೆ. ಹೋದೆವು. ಮುದುಕಿ ನಕ್ಕಳು. ಹಿಂದಕ್ಕೆ ಬಂದೆವು. ಮತ್ತೆ ಹೋದೆವು. ಒಟ್ಟು ಮೂರು ಸಲ.

ಬಸ್ಸಿನ ಹೊಟ್ಟೆ ಎತ್ತರ. ನಮ್ಮ ಕಾರು ಆ ಬಳ್ಳಿಗಳನ್ನು ಬಾಚಿಕೊಂಡೇ ಬಂದಿತ್ತು. ಬಳ್ಳಿ ಅಡಿಯಲ್ಲಿ ತಿರುಗುವ ದಂಡಕ್ಕೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಪೈಪಿಗೆ ತಗುಲಿ, ಒಳಗೊಳಗೇ ಹೊತ್ತಿಕೊಂಡಿತು. ಆ ಮೇಲಿನ ಐದಾರು ನಿಮಿಷ ನಾವು ಬೆಂಕಿಯ ಮೇಲೆ ಕುಳಿತು ಸೆಕೆಂಡು ಎಣಿಸುತ್ತಿದ್ದೆವು.

ಹನ್ನೊಂದು ಇಪ್ಪತ್ತಕ್ಕೆ ಹುರುಳಿ ಹುರಿದ ವಾಸನೆ. ನಂತರ ಗೇರಿನ ಹಿಡಿಯ ಸುತ್ತ ಹೊಗೆ. ಪುಣೆಯವರು ಗಾಬರಿಯಿಂದ ಸ್ಟೇರಿಂಗನ್ನು ಬಲಕ್ಕೆ ಎಳೆದರು. ಕಾರು ರಸ್ತೆ ದಾಟಿ, ಒಂದು ಮೋರಿಯ ಕಟ್ಟೆಗೆ ನನ್ನ ಕಡೆಯ ಬಾಗಿಲನ್ನು ಉಜ್ಜಿಕೊಂಡು ನಿಂತಿತು. ಅವರು ತಮ್ಮ ಬಾಗಿಲು ತೆರೆದು ಹಾರಿದರು. ಅವರನ್ನು ನಾನು ದೂರುವುದಿಲ್ಲ. ಆ ಬಾಗಿಲು ನನ್ನ ಪಕ್ಕಕ್ಕಿದ್ದರೆ ನಾನೂ ಹಾರುತ್ತಿದ್ದೆ. ಅವರು ಇಳಿದ ಕ್ಷಣವೇ ಗೇರಿನ ಬುಡದಿಂದ ಬೆಂಕಿ ಮೇಲೆದ್ದು ಎರಡು ಸೀಟುಗಳ ನಡುವೆ ನಿಂತಿತು. ಈ ಕಡೆ ಕಟ್ಟೆ, ಆ ಕಡೆ ಬೆಂಕಿ, ಮೇಲೆ ಟಾಪು. ಸೋರದ ಟಾಪು. ನಾನು ಇಲ್ಲದ ಹಿಡಿಯನ್ನು ಹುಡುಕುತ್ತ ಬಾಗಿಲನ್ನು ಕೆರೆಯುತ್ತಿದ್ದೆ.

ಆಗ ಹಿಂದಿನಿಂದ ಬಟ್ಟೆ ಹರಿಯುವ ಸಪ್ಪಳ ಕೇಳಿಸಿತು. ದಪ್ಪ ಬಟ್ಟೆ, ಉದ್ದಕ್ಕೆ, ಒಂದೇ ಎಳೆತಕ್ಕೆ. ಬೆಳಕು ಬಂತು.

"ಹಿಂದಕ್ಕ ಬಾ ಅವ್ವಾ. ನನ್ನ ಕಡಿ ನೋಡು. ಬೆಂಕಿ ನೋಡಬ್ಯಾಡ."

ಸೀಟು ಹತ್ತಿದೆ. ವೇಲು ಗೇರಿನ ಹಿಡಿಗೆ ಸಿಕ್ಕಿ ಕೊರಳನ್ನು ಹಿಂದಕ್ಕೆ ಎಳೆಯಿತು. ಅಜ್ಜ ನನ್ನನ್ನು ದಾಟಿ ಬೆಂಕಿಯೊಳಗೆ ಎಡಗೈ ಹಾಕಿ ಅದನ್ನು ಕಿತ್ತರು. ಮತ್ತೆ ನನ್ನ ಎರಡೂ ಕಾಲು ಹಿಡಿದು ಮೂಟೆಯಂತೆ ಆ ಸೀಳಿನಿಂದ ಹೊರಗೆ ದೂಡಿದರು. ಬಿದ್ದಲ್ಲಿಂದ ತಿರುಗಿ ನೋಡಿದಾಗ ಅವರು ತಾವೇ ಸೀಳಿದ ಬಟ್ಟೆಯ ನಡುವಿನಿಂದ ತಲೆ ಹೊರಹಾಕುತ್ತಿದ್ದರು. ಬಾಯಲ್ಲಿ ರಂಪಿಗೆ ಕಚ್ಚಿಕೊಂಡಿದ್ದರು, ಸೂಜಿಯನ್ನು ಕಚ್ಚಿಕೊಳ್ಳುವ ಹಾಗೆಯೇ.

ಹೊಲದವರು ಓಡಿ ಬಂದರು. ಕಾರನ್ನು ಕಟ್ಟೆಯಿಂದ ದೂರಕ್ಕೆ ತಳ್ಳಿ, ಬುಟ್ಟಿಗಟ್ಟಲೆ ಮಣ್ಣು ಸುರಿದು ಬೆಂಕಿ ಆರಿಸಿದರು. ನೆಲದ ಹಲಗೆ, ಸೀಟುಗಳು ಸುಟ್ಟಿದ್ದವು. ಇಂಜಿನ್ ಉಳಿದಿತ್ತು. ಅಪ್ಪ ಬಂದು ನೋಡುವ ಹೊತ್ತಿಗೆ ಕಾರು ಬಯಲಲ್ಲಿ ನಿಂತಿತ್ತು, ಬಾಗಿಲಿಗೆ ಏನೂ ಅಡ್ಡ ಇರಲಿಲ್ಲ. ಸುಟ್ಟ ಗುರುತಿಗಿಂತ ದೊಡ್ಡದಾಗಿ ಕಾಣುತ್ತಿದ್ದದ್ದು ಟಾಪಿನ ಸೀಳು. ಪುಣೆಯವರು ನನ್ನ ಮುಖ ನೋಡದೆ, ತಾನು ಸುತ್ತಿ ಬಂದು ಬಾಗಿಲು ತೆಗೆಯುವವನಿದ್ದೆ, ಅಷ್ಟರಲ್ಲಿ ಈ ಮನುಷ್ಯ ಟಾಪನ್ನು ಹಾಳು ಮಾಡಿದ ಎಂದರು. ಮಿಕ್ಕದ್ದೆಲ್ಲ ರಿಪೇರಿಯಾಗುತ್ತದೆ, ಅಂಥ ಟಾಪು ಮತ್ತೆ ಸಿಗುವುದಿಲ್ಲ, ತನಗೆ ಕಾರು ಬೇಡ ಎಂದರು. ಅದನ್ನು ಕನ್ನಡಕ್ಕೆ ತಂದು ಅಪ್ಪನಿಗೆ ಹೇಳಿದವಳೂ ನಾನೇ.

ಅಪ್ಪ ಅಜ್ಜನ ಕಡೆ ತಿರುಗಿದರು. ಅಜ್ಜನ ಎಡಗೈಗೆ ಯಾರೋ ಒದ್ದೆ ಬಟ್ಟೆ ಸುತ್ತಿದ್ದರು.

"ಬಾಗ್ಲಾ ಅಂಬೋದು ಯಾತಕ್ಕ ಐತಲೇ? ನೀನ ಹೊಲದು ನೀನ ಹರದೆಲ್ಲ?"

"ಅವಸರದಾಗ ತಿಳೀಲಿಲ್ರಿ ಸಾವ್ಕಾರ್ರ."

"ಹುರಳಿ ಮ್ಯಾಲ ಯಾರು ಹೋಗಂದ್ರು?"

ಈ ಪ್ರಶ್ನೆ ನನಗೆ. ನಾನು ನೆಲ ನೋಡುತ್ತ ಹೇಳಿದೆ: "ರಸ್ತಿ ತುಂಬ ಹಾಕಿದ್ರಪ್ಪ. ಬಾಜು ದಾರಿನ ಇರ್ಲಿಲ್ಲ."

ಅಜ್ಜ ಒಂದು ಕ್ಷಣ ನನ್ನನ್ನು ನೋಡಿದರು. ನಂತರ ಅಪ್ಪನಿಗೆ ಹೇಳಿದರು: "ಹೌದ್ರಿ. ದಾರಿ ಇರ್ಲಿಲ್ಲ."

ಅಂದಿನಿಂದ ಊರಲ್ಲಿ ಮಾತು ಒಂದೇ: ಸಾಹುಕಾರರ ಗಾಡಿಯನ್ನು ಹರಿದು ಹಾಕಿದವನು. ಅಪ್ಪ ಅದನ್ನು ಸಿಟ್ಟಿನಲ್ಲಿ ನಾಲ್ಕು ಕಡೆ ಹೇಳಿದ್ದರು. ಬಸ್ಸಿನ ಮಾಲೀಕರು ಸೀಟುಗಳನ್ನು ದಾವಣಗೆರೆಗೆ ಕಳಿಸತೊಡಗಿದರು. ಅಜ್ಜನನ್ನು ರೇಗಿಸುತ್ತಿದ್ದ ಡ್ರೈವರ್ ಕೂಡ ದಾಟಿ ಹೋಗುವಾಗ ಹಾರ್ನ್ ಹಾಕುವುದನ್ನು ಬಿಟ್ಟ. ನಲವತ್ತು ವರ್ಷ ಗೇಣು ಬೆರಳಿನಿಂದ ಕಟ್ಟಿಕೊಂಡಿದ್ದ ಹೆಸರು ಒಂದು ಸೀಳಿನಿಂದ ಹೋಯಿತು. ಅದನ್ನು ಉಳಿಸಲು ನನ್ನ ಒಂದು ವಾಕ್ಯ ಸಾಕಿತ್ತು.

ನನ್ನ ನಿದ್ದೆ ಕೆಟ್ಟಿತು. ಕಣ್ಣು ಮುಚ್ಚಿದರೆ ಹುರುಳಿಯ ವಾಸನೆ, ಕೈಗೆ ಸಿಗದ ಬಾಗಿಲ ಹಿಡಿ. ಬೆಚ್ಚಿ ಎದ್ದರೆ ಮತ್ತೆ ಮಲಗುವುದಾಗುತ್ತಿರಲಿಲ್ಲ. ಅಮ್ಮ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು, ಮನೆಯಲ್ಲಿ ಹುರುಳಿ ಸಾರು ಮಾಡುವುದನ್ನೇ ನಿಲ್ಲಿಸಿದಳು. ಬೆಂಕಿಯ ಭಯ ಎಂದು ಎಲ್ಲರೂ ತಿಳಿದರು. ಬಸ್ ನಿಲ್ದಾಣದ ಕಡೆ ಹೋಗಬೇಕಾದರೆ ನಾನು ಬೇವಿನ ಮರ ಕಾಣದ ಹಾಗೆ ಸಂತೆ ಮೈದಾನ ಬಳಸಿ ಹೋಗುತ್ತಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೇರ ದಾರಿಯಲ್ಲೇ ಹೋದೆ. ಅಜ್ಜ ಚಪ್ಪರದಲ್ಲಿ ಒಬ್ಬರೇ ಇದ್ದರು. ಮುಂದೆ ಯಾವ ಸೀಟೂ ಇರಲಿಲ್ಲ. ಎಡಗೈಯ ಎರಡು ಬೆರಳು ಒಳಕ್ಕೆ ಬಾಗಿ ನಿಂತಿದ್ದವು. ಅವುಗಳ ನಡುವೆ ರೆಕ್ಸಿನ್ ಚೂರು ಹಿಡಿಯಲು ಕಲಿಯುತ್ತ, ಕಲ್ಲುಬೆಂಚಿನ ಮೆತ್ತೆ ಹೊಲಿಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು:

"ನಿದ್ದಿ ಬರ್ತೈತೇನವ್ವ?"

"ಇಲ್ಲಜ್ಜ."

"ನನಗೂ ಬರ್ವಲ್ದು. ಕೈ ಉರೀತೈತಿ ಅಂತಲ್ಲ. ಆ ಬಟ್ಟಿ ಹರದ ಸಪ್ಪಳ." ಸ್ವಲ್ಪ ಹೊತ್ತು ಹೊಲಿದರು. "ಮದ್ಲು ಹೊಲಿಗಿ ಬಿಚ್ಚಾಕ ನೋಡ್ದೆ. ಬಿಚ್ಚಿದ್ರ ಆಮ್ಯಾಲ ಮತ್ತ ಹಾಕಬೌದಿತ್ತು. ನನ್ನ ಹೊಲಿಗಿ, ನನಗ ಬಿಡವಲ್ದು ನೋಡು. ಅದಕ್ಕ ಬಟ್ಟೀನ ಹರದೆ."

ಇದನ್ನು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯೂ ದುಃಖವೂ ಒಟ್ಟಿಗೆ ಇದ್ದವು.

"ದಾರಿ ಇರ್ಲಿಲ್ಲ ಅಂತ ಯಾಕ ಹೇಳಿದ್ರಿ?"

"ನೀ ಮದ್ಲ ಹೇಳಿಬಿಟ್ಟಿದ್ದೆಲ್ಲ. ನಿಮ್ಮಪ್ಪನ ಮುಂದ ನಿನ್ನ ಮಾತು ಮುರೀಬೇಕಾ ನಾನು?"

"ಅಪ್ಪಗ ಹೇಳ್ತೀನಿ ಅಜ್ಜ."

"ಬ್ಯಾಡ ಬಿಡು. ಮುಗದೈತಿ. ಬೆಂಕಿ ಮತ್ಯಾಕ ಕೆದಕ್ತಿ?"

ಹೇಳಿದೆ. ಅವತ್ತೇ, ಗೋದಾಮಿನಲ್ಲಿ, ಹತ್ತಿಯ ಅಂಡಿಗೆ ಮೂಟೆಗಳ ನಡುವೆ ನಿಂತು. ಬಲಗಡೆ ದಾರಿ ಇತ್ತು, ಮುದುಕಿ ಕರೆದಳು, ನಾನೇ ಹೋಗೆಂದೆ, ಅಜ್ಜ ಬೇಡವೆಂದರು, ಬಾಗಿಲು ಕಟ್ಟೆಗೆ ಒತ್ತಿತ್ತು, ವೇಲು ಸಿಕ್ಕಿತ್ತು. ಅಪ್ಪ ನನ್ನನ್ನು ಬಯ್ಯಲಿಲ್ಲ. ಕೆಲಸದವರನ್ನು ಕರೆದು, ಮೂಲೆಯಲ್ಲಿದ್ದ ಸುಟ್ಟ ಕಾರನ್ನು ಅದರ ಬಲಬಾಗಿಲು ಗೋಡೆಗೆ ಅಂಟುವ ಹಾಗೆ ತಳ್ಳಿಸಿದರು. ಅವರನ್ನು ಕಳಿಸಿ, ಬಿಳಿ ಪಂಚೆ ಎತ್ತಿಕಟ್ಟಿ, ನಾನು ಕುಳಿತಿದ್ದ ಜಾಗದಲ್ಲಿ ಮಸಿಯ ನಡುವೆ ಕುಳಿತರು. ಒಳಹಿಡಿ ಇದ್ದ ಜಾಗವನ್ನು ಕೈಯಿಂದ ತಡಕಿದರು. ಬಾಗಿಲನ್ನು ಭುಜದಿಂದ ಒಂದು ಸಲ ನೂಕಿದರು. ನಂತರ ತಲೆ ಎತ್ತಿ ಟಾಪಿನ ಸೀಳನ್ನು ನೋಡುತ್ತ ಬಹಳ ಹೊತ್ತು ಕುಳಿತೇ ಇದ್ದರು.

ಮರುದಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಬೇವಿನ ಮರದ ಕೆಳಗೆ ಒಯ್ದರು. ಅಪ್ಪ ಅದರ ಜೊತೆಗೆ ಊರ ನಡುವಿನ ಬೀದಿಯಲ್ಲೇ ನಡೆದು ಹೋದರು. ಕೇಳಿದವರಿಗೆಲ್ಲ, "ನನ್ನ ಮಗಳನ್ನ ಉಳಿಸ್ಯಾನ. ಟಾಪ ಹರೀಲಿಲ್ಲಂದ್ರ ಮಗಳು ಇರ್ತಿರ್ಲಿಲ್ಲ," ಎಂದರು. ಹುರುಳಿಯ ಮೇಲೆ ಹೋಗೆಂದವಳು ಮಗಳೇ ಎಂಬುದನ್ನೂ ಬಚ್ಚಿಡಲಿಲ್ಲ. ಬಜಾರಿನಲ್ಲಿ ನನಗೆ ನಾಚಿಕೆಯಾಯಿತು. ಆ ನಾಚಿಕೆ ಮೈಗೆ ಹಗುರವಾಗಿತ್ತು. ವಾರ ಕಳೆಯುವುದರೊಳಗೆ ಹರಪನಹಳ್ಳಿ ಬಸ್ಸಿನ ಡ್ರೈವರು ಚಪ್ಪರದ ಮುಂದೆ ಬಸ್ ನಿಲ್ಲಿಸಿ, ತನ್ನ ಸೀಟನ್ನು ತಾನೇ ಹೊತ್ತು ಇಳಿಸಿದ. "ದಾವಣಗೆರಿ ಸೀಟಿಗೆ ಸೊಂಟ ಹೋತೋ ಯಜ್ಜಾ. ನಿನ್ನ ಎರಡು ಮುಳ್ಳಿನ ಸೀಟ ಪಾಡಿತ್ತು."

ಹೊಸ ಟಾಪು ಮುಗಿಯಲು ಮಳೆಗಾಲದ ತನಕ ಹಿಡಿಯಿತು. ಬಾಗಿದ ಬೆರಳುಗಳಿಗೆ ಬಟ್ಟೆಯನ್ನು ಬಿಗಿ ಹಿಡಿಯಲಾಗದೆ, ಅಜ್ಜನ ಹೆಂಡತಿ ಎದುರು ಕುಳಿತು ಎಳೆದು ಹಿಡಿಯುತ್ತಿದ್ದರು. ಬೆಂಗಳೂರಿನವರೊಬ್ಬರು ಕಾರನ್ನು ಕೊಂಡು ಒಯ್ದರು. ಜಾಹೀರಾತಿನಲ್ಲಿ ನಾನು ಈ ಸಲವೂ ಸೋರುವುದಿಲ್ಲ ಎಂದೇ ಬರೆದಿದ್ದೆ. ಅದು ಈಗ ಎಲ್ಲಿದೆಯೋ ತಿಳಿಯದು.

ಸೀಟುಗಳು ಮಾತ್ರ ಅದಕ್ಕೂ ಮೊದಲೇ, ಬೇವಿನ ಹೂ ಉದುರುವ ದಿನಗಳಲ್ಲಿ ಮುಗಿದವು. ಅವತ್ತು ಸೋಮವಾರ. ಅಪ್ಪನೂ ನಾನೂ ನೋಡಲು ಹೋಗಿದ್ದೆವು. ಕಾರಿಗೆ ಇನ್ನೂ ಟಾಪಿರಲಿಲ್ಲ, ಬಾಗಿಲುಗಳನ್ನು ಬಿಚ್ಚಿ ಮರಕ್ಕೆ ಒರಗಿಸಿದ್ದರು. ಎರಡು ಸೀಟುಗಳಲ್ಲಿ ಹೊಸ ಕೆಂಪು ತೊಗಲು. ಅಜ್ಜ ಹೊರಗೆ ನಿಂತು ಅಂಗೈಯಿಂದ ಒತ್ತಿ ನೋಡಲು ಬಗ್ಗಿದರು.

"ಎಲ್ಲಾರ ಸೀಟಿಗೂ ಕುಂತು ನೋಡ್ತಿಯಂತಲ್ಲ," ಎಂದರು ಅಪ್ಪ. "ನಮ್ಮದಕ್ಕ ಯಾಕ ಕೈ?"

ಅಜ್ಜ ನಕ್ಕು, ತೊಗಲಿನ ಮೇಲೆ ಉಳಿದಿದ್ದ ದಾರದ ಚೂರನ್ನು ತೆಗೆದರು.

"ಕುಂತು ನೋಡು. ನೀ ಕುಂತು ನಿದ್ದಿ ಮಾಡೋತನ ನಾನು ಒಯ್ಯಂಗಿಲ್ಲ." ಹೇಳಿ ಅಪ್ಪ, ಗಿರಾಕಿಗಳು ಕಾಯುವ ಬೇವಿನ ಬುಡಕ್ಕೆ ಹೋಗಿ ಕುಳಿತರು.

ಅಜ್ಜ ಪಂಚೆಯ ಅಂಚಿನಿಂದ ಕಾಲು ಒರೆಸಿಕೊಂಡರು. ಎಡಗಡೆ, ಸ್ಟೇರಿಂಗಿನ ಹಿಂದೆ, ಹುಷಾರಾಗಿ ಕುಳಿತರು. ಕಣ್ಣು ಮುಚ್ಚಿದವರು ಒಂದು ಕಣ್ಣನ್ನು ತೆರೆದು ನನ್ನ ಕಡೆ ನೋಡಿದರು.

"ನೀನೂ ಕುಂದ್ರವ್ವ. ಎರಡು ಸೀಟಿಗೆ ಒಬ್ಬನ ನಿದ್ದಿ ಸಾಕಾಗಂಗಿಲ್ಲ."

ಸುತ್ತಿ ಹೋಗಿ ಹತ್ತಿದೆ. ಬಲಗಡೆಯ ಅದೇ ಜಾಗ. ಕೈ ತಾನಾಗಿಯೇ ಬಾಗಿಲ ಹಿಡಿಯನ್ನು ಹುಡುಕಿಕೊಂಡು ಹೋಯಿತು. ಅಲ್ಲಿ ಬಾಗಿಲೇ ಇರಲಿಲ್ಲ, ಗಾಳಿ ಇತ್ತು. ತಲೆಯ ಮೇಲೆ ಬೇವಿನ ಕೊಂಬೆ. ಹೊಸ ತೊಗಲಿನ ವಾಸನೆ. ಪಕ್ಕದಲ್ಲಿ ಅಜ್ಜನ ಉಸಿರು ಸ್ವಲ್ಪ ಸ್ವಲ್ಪವಾಗಿ ಉದ್ದವಾಗುತ್ತ ಹೋಯಿತು. ಬಾಗಿದ ಬೆರಳುಗಳ ಕೈ ಸ್ಟೇರಿಂಗಿನ ಮೇಲೆ ಇತ್ತು. ಹೂವು ಒಂದೊಂದೇ ಅವರ ತಲೆಯ ಮೇಲೆ, ನನ್ನ ಮಡಿಲಿನಲ್ಲಿ ಬೀಳುವುದನ್ನು ಎಣಿಸುತ್ತ ಕುಳಿತೆ. ಎಷ್ಟರ ತನಕ ಎಣಿಸಿದೆನೋ ನೆನಪಿಲ್ಲ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಅಜ್ಜ ಇನ್ನೂ ಮಲಗಿದ್ದರು. ಅಪ್ಪ ಬೇವಿನ ಬುಡದಲ್ಲಿ ಹಾಗೆಯೇ ಕುಳಿತಿದ್ದರು. ಮಾತಾಡಿಸಲು ಬಂದವರಿಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು.

ಆ ದಿನ ಮನೆಗೆ ಬಂದು, ಊಟ ಮಾಡಿ ಮಲಗಿದವಳು ಮರುದಿನ ಬೆಳಗಾಗುವ ತನಕ ಒಮ್ಮೆಯೂ ಏಳಲಿಲ್ಲ.